ಜ್ವರದಲ್ಲಿ ಆಡಿದ ಪುಗಡಿ

ಮಲ್ಲಣ್ಣನ ಜ್ವರ ಎರಡನೆಯ ವಾರಕ್ಕೆ ಕಾಲಿಟ್ಟಾಗ ಮನೆಯಲ್ಲಿ ಮೊದಲು ನಿಂತದ್ದು ಒಗ್ಗರಣೆ. ಕಾದ ಎಣ್ಣೆಗೆ ಬೆಳ್ಳುಳ್ಳಿ ಬಿದ್ದ ವಾಸನೆ ಪಡಸಾಲೆಗೆ ಬಂದರೆ ಸಾಕು, ಅವನು ಓಕರಿಸುತ್ತಿದ್ದ. ಅದಕ್ಕೆ ತಾಯಿ ಸುಂದರಬಾಯಿ ಒಗ್ಗರಣೆಯ ಸೌಟನ್ನು ತೊಳೆದು ಮೇಲಿಟ್ಟುಬಿಟ್ಟಳು. ಇಡೀ ಮನೆ ಬೇಯಿಸಿದ ಬೇಳೆಗೆ ಉಪ್ಪು ಕಲಸಿಕೊಂಡು ರೊಟ್ಟಿ ಉಣ್ಣತೊಡಗಿತು. ಹಿರಿಯ ಮಗ ನಾಗಣ್ಣ ಹೊಲದಿಂದ ಬಂದು ತಾಟಿನ ಮುಂದೆ ಕೂತವನು, ಜ್ವರ ಬಂದದ್ದು ಒಬ್ಬನಿಗೋ ಎಲ್ಲರಿಗೋ ಎಂದು ಕೇಳಿದ. ಅವನ ಹೆಂಡತಿ ಗುರುಶಾಂತಮ್ಮ ಒಂದು ಉಳ್ಳಾಗಡ್ಡಿಯನ್ನು ಗುದ್ದಿ ತಾಟಿನ ಅಂಚಿಗಿಟ್ಟಳು.

ಆಳಂದದ ಡಾಕ್ಟರು ಇದು ಮುದ್ದತಿ ಜ್ವರ, ಟೈಫಾಯ್ಡು, ಅವಸರ ಮಾಡಿದರೆ ಹೋಗುವಂಥದ್ದಲ್ಲ ಎಂದಿದ್ದರು. ಕರುಳಿನ ಒಳಮೈ ಹುಣ್ಣಾಗಿರುತ್ತದೆ. ತಾವು ಹೇಳುವ ತನಕ ಹಾಲು, ತಿಳಿ ಗಂಜಿ ಬಿಟ್ಟು ಬೇರೇನೂ ಕೊಡಬಾರದು. ರೊಟ್ಟಿ ಕೊಟ್ಟರೆ ಕರುಳು ತೂತು ಬಿದ್ದೀತು. ಈ ಮಾತನ್ನು ಗುರುಶಾಂತಮ್ಮ ಮನಸ್ಸಿನಲ್ಲಿಟ್ಟುಕೊಂಡಳು. ಸುಂದರಬಾಯಿ ಕೇಳಿಸಿಕೊಂಡಳು, ಒಪ್ಪಲಿಲ್ಲ. ಗಂಜಿ ಕುಡಿದು ಯಾವ ಗಂಡಸು ಎದ್ದು ಕೂತಿದ್ದಾನೆ ಎಂಬುದು ಅವಳ ವಾದ. ಒಂದು ಮಧ್ಯಾಹ್ನ ಹಾಲಿನಲ್ಲಿ ರೊಟ್ಟಿ ನೆನೆಸಿ ಮಗನ ತಲೆದಿಂಬಿನ ಹತ್ತಿರ ಒಯ್ದಳು. ಸೊಸೆ ಬಟ್ಟಲು ಕಸಿದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಸುರಿದಳು. ಎರಡು ದಿನ ಅತ್ತೆ ಸೊಸೆಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದ್ದು ಹರಕೆಯ ವಿಷಯಕ್ಕೆ. ಮಗ ಎದ್ದರೆ ಘತ್ತರಗಿಯ ಭಾಗ್ಯವಂತಿ ದೇವಿಗೆ ಬರಿಗಾಲಲ್ಲಿ ನಡೆದು ಬರುವುದಾಗಿ ಸುಂದರಬಾಯಿ ಬೇಡಿಕೊಂಡಿದ್ದಳು. ನಡೆಯುವವಳು ಗುರುಶಾಂತಮ್ಮ.

"ನನ್ನ ಕೇಳಿ ಬೇಡ್ಕೊಂಡ್ರ್ಯಾ ಅತ್ತಿ?"

"ನನ್ನ ಮೊಣಕಾಲಿನ ಬ್ಯಾನಿ ತಾಯಿಗೆ ಗೊತ್ತಿಲ್ಲೇನು? ಮನ್ಯಾಗ ಗಟ್ಟಿ ಕಾಲು ಇರೂದು ನಿನ್ನುವೇ."

ಜ್ವರಕ್ಕೆ ಒಂದು ಕ್ರಮವಿತ್ತು. ಮುಂಜಾನೆ ಅಷ್ಟಿಷ್ಟು ಇಳಿಯುತ್ತಿತ್ತು, ಹೊತ್ತೇರಿದಂತೆ ಏರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಮೈ ಹೆಂಚಾಗುತ್ತಿತ್ತು. ಆ ಹೊತ್ತಿನಲ್ಲೇ ಮಲ್ಲಣ್ಣ ಮಾತಾಡತೊಡಗಿದ್ದು. ಎಚ್ಚರಿದ್ದಾಗ ನಾಲ್ಕು ಮಾತಿಗೆ ಒಂದು ಮಾತು ಆಡುವವನು ಕಣ್ಣು ಮುಚ್ಚಿಕೊಂಡು, ನಗುತ್ತ, ಯಾರಿಗೋ ಹೇಳುತ್ತಿದ್ದ: "ಕೈ ಬಿಡಬ್ಯಾಡ. ಹಿಂದಕ್ಕ ವಾಲು. ಇನ್ನಾ ವಾಲು, ನಾ ಹಿಡದೀನಿ."

ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಗುರುಶಾಂತಮ್ಮ ಬಾವಿಯ ಹಗ್ಗದ ಮಾತಿರಬೇಕೆಂದುಕೊಂಡಳು. ಮರುದಿನ ಜ್ವರ ಇಳಿದಾಗ ಕೇಳಿದಳು. ಮಲ್ಲಣ್ಣ, ಅಂದೋಲಾದ ಮಾಳಿಗೆಯ ಮೇಲೆ ಸುಭದ್ರಾಳ ಜೊತೆ ಪುಗಡಿ ಆಡುತ್ತಿದ್ದೆ ಎಂದ.

"ಗಂಡಸರು ಪುಗಡಿ ಆಡ್ತಾರೇನೋ ಮಾರಾಯಾ?"

"ಆಡಿದೆ ವೈನಿ. ಭಾಳ ಚೊಲೋ ಆಡಿದೆ."

ಸುಭದ್ರಾ ಅವನ ಹೆಂಡತಿ. ಜೇವರ್ಗಿ ತಾಲೂಕಿನ ಅಂದೋಲಾದವಳು. ತವರಿಗೆ ಹೋಗಿ ಮೂರು ವರ್ಷವಾಗಿತ್ತು. ಮದುವೆಯಾದ ವರ್ಷ ಪಂಚಮಿಗೆ ಅಳಿಯನನ್ನು ಕರೆದಾಗ ಅಲ್ಲಿ ಹೆಣ್ಣುಮಕ್ಕಳೆಲ್ಲ ಮಣ್ಣಿನ ಮಾಳಿಗೆಯ ಮೇಲೆ ಪುಗಡಿ ಆಡುತ್ತಿದ್ದರು. ಇಬ್ಬರು ಎದುರುಬದುರು ನಿಂತು, ಕೈ ಅಡ್ಡಡ್ಡ ಹಿಡಿದು, ಪಾದಕ್ಕೆ ಪಾದ ಹತ್ತಿಸಿ, ಹಿಂದಕ್ಕೆ ವಾಲಿ ಗಿರಗಿರನೆ ತಿರುಗುವ ಆಟ. ಒಬ್ಬರ ಭಾರ ಇನ್ನೊಬ್ಬರ ಕೈಯಲ್ಲಿ. ಒಬ್ಬರು ಬಿಟ್ಟರೆ ಇಬ್ಬರೂ ಬೀಳುತ್ತಾರೆ. ಗೆಳತಿಯರು ಹೊಸ ಮದುಮಗನನ್ನೂ ಎಳೆದಿದ್ದರು. ಸುಭದ್ರಾ ನಗುತ್ತ ಎರಡೂ ಕೈ ಮುಂದೆ ಚಾಚಿದ್ದಳು. ಕೆಳಗೆ ಕಟ್ಟೆಯ ಮೇಲೆ ಮಾವ ಮತ್ತು ಊರ ನಾಲ್ಕು ಜನ ಕೂತಿದ್ದರು. ಮಲ್ಲಣ್ಣ ಧೋತರದ ಅಂಚು ಸರಿಪಡಿಸಿಕೊಂಡು ಏಣಿ ಇಳಿದುಬಿಟ್ಟಿದ್ದ.

ಅವಳು ತವರಿಗೆ ಹೋದದ್ದು ಬೇರೆ ಕಾರಣಕ್ಕೆ. ಗಂಡನ ಊರು ಮಟಕಿಯಲ್ಲಿ ಬಾಲವಾಡಿ ತೆರೆದಾಗ ಮೆಟ್ರಿಕ್ ಪಾಸಾದ ಹೆಣ್ಣುಮಗಳು ಸುಭದ್ರಾ ಒಬ್ಬಳೇ. ಕಲಿಸಲು ಹೋಗಲೇ ಎಂದು ಗಂಡನನ್ನು ಕೇಳಿದಳು. ರಾತ್ರಿ ಹೂಂ ಅಂದವನು ಮುಂಜಾನೆ ತಾಯಿ, ನಮ್ಮ ಮನೆಯ ಸೊಸೆ ಮಂದಿ ಮಕ್ಕಳ ಮೂಗು ಒರೆಸಲು ಹೋಗುವುದಿಲ್ಲ ಎಂದಾಗ ಸುಮ್ಮನಿದ್ದ. ನಿಮ್ಮ ಮಗನೇ ಒಪ್ಪಿದ್ದಾರೆ ಎಂದಳು ಸುಭದ್ರಾ. ಹೌದೇನೋ ಎಂದು ತಾಯಿ ಕೇಳಿದಳು. ಮಲ್ಲಣ್ಣ ಎತ್ತಿಗೆ ನೀರು ಕುಡಿಸಲು ಹೋದ. ಆ ವಾರವೇ ಅವಳು ಅಪ್ಪನ ಮನೆಗೆ ಹೋದವಳು ಮಟಕಿಗೆ ತಿರುಗಿ ಬರಲಿಲ್ಲ. ಇವರು ಕರೆಯಲು ಹೋಗಲಿಲ್ಲ.

ಕನಸು ಒಂದು ದಿನಕ್ಕೆ ನಿಲ್ಲಲಿಲ್ಲ. ದಿನಾಲು ಸಂಜೆ ಅದೇ ಮಾಳಿಗೆ, ಅದೇ ತಿರುಗು. ಒಮ್ಮೊಮ್ಮೆ ಮಲ್ಲಣ್ಣ ಹಾಸಿಗೆಯ ಮೇಲೇ ಕೈಗಳನ್ನು ಅಡ್ಡಡ್ಡ ಮಾಡಿ ಎತ್ತುತ್ತಿದ್ದ. ಒಂದು ಸಂಜೆ ದೀಪ ಹಿಡಿದು ಬಂದ ಸುಂದರಬಾಯಿ ಕಿರಿಯ ಸೊಸೆಯ ಹೆಸರನ್ನು ಕಿವಿಯಾರೆ ಕೇಳಿದಳು. ದೀಪ ಗೂಡಿನಲ್ಲಿಟ್ಟಳು. "ಹಡದಾಕಿ ಮೈ ಒರಸಾಕತ್ತಾಳ," ಎಂದಳು, "ಬಿಟ್ಟು ಹೋದಾಕಿ ಜೋಡಿ ಕುಣ್ಯಾಕತ್ತಾನ." ಮೈ ಒರೆಸುತ್ತಿದ್ದವಳು ಗುರುಶಾಂತಮ್ಮ. ಅವಳು ಬಟ್ಟೆ ಹಿಂಡಿ ಮತ್ತೆ ನೀರಿಗೆ ಅದ್ದಿದಳು.

ಕರೆಸಬೇಕು ಎಂದು ಮೊದಲು ಅಂದವನು ನಾಗಣ್ಣ. ಒಗ್ಗರಣೆಯಿಲ್ಲದ ಬೇಳೆಯ ಮುಂದೆ ಕೂತು, ಹೆಚ್ಚುಕಮ್ಮಿಯಾದರೆ ಅಂದೋಲಾದವರಿಗೆ ಏನು ಮೋರೆ ತೋರಿಸುವುದು ಎಂದ. ಗಂಡನಿಗೆ ಜ್ವರ ಬಂದಾಗ ಹೆಂಡತಿ ಕರೆಯದೆ ಬರಬೇಕು ಎಂದಳು ತಾಯಿ. ಜ್ವರ ಬಂದದ್ದು ಅವಳಿಗೆ ತಿಳಿದರಲ್ಲವೇ ಎಂದು ಗುರುಶಾಂತಮ್ಮ ಕೇಳಿದಳು. ತಿಳಿಸಿದರೆ ಕರೆದಂತೆಯೇ ಅಲ್ಲವೇ ಎಂದಳು ತಾಯಿ. ಹೀಗೆ ಮೂರು ಊಟ ನಡೆಯಿತು. ಕೊನೆಗೆ ಡಾಕ್ಟರು, ಈ ವಾರ ಬಹಳ ಜೋಕೆ ಎಂದು ನಾಗಣ್ಣನನ್ನು ಹೊರಗೆ ಕರೆದು ಹೇಳಿದ ಮೇಲೆ ಸುಂದರಬಾಯಿ ಒಪ್ಪಿದಳು. ಆದರೆ ಜ್ವರದ ಸುದ್ದಿ ಎತ್ತಬಾರದು.

"ಮಗಾ ಸಾಯಾಕತ್ಯಾನಂತ ಹೇಳಿ ಸೊಸಿನ್ನ ಕರಕೊಂಡು ಬಂದ್ರು ಅನ್ನಿಸಿಕೊಳ್ಳಲ್ಯಾ? ಕುಬಸದ ಖಣ, ಕಾಯಿ ತಗೊಂಡು ಹೋಗು. ಉಡಿ ತುಂಬಿ, ಮರ್ಯಾದಿಲೆ ಕರಿ."

ಗುರುಶಾಂತಮ್ಮ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದಳು. "ನಾಗರಪಂಚಮಿ ಎದುರಿಗೆ ಅದ ಅತ್ತಿ. ಹೆಣ್ಮಕ್ಕಳು ತವರಿಗೆ ಹೋಗೂ ಹಬ್ಬದಾಗ ತವರಾಗಿದ್ದಾಕಿನ್ನ ಯಾರು ಕಳಸ್ತಾರ? ಜಡ್ಡು ಅಂದ್ರ ಇವತ್ತೇ ಬರ್ತಾಳ. ಖಣ ಅಂದ್ರ ಹಬ್ಬ ಮಾಡಿ ಬರ್ತಾಳ."

"ನಿನ್ನ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಆ ವರ್ಷ ಅವಳೂ ತವರಿಗೆ ಹೋಗುವಂತಿರಲಿಲ್ಲ. ಕರೆಯಲು ಬಂದ ಅಣ್ಣನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು. ನಾಗಣ್ಣ ಹೊರಡುವಾಗ ಅವನ ಹಿಂದೆ ಅಂಗಳದ ತನಕ ಹೋಗಿ, ಮಂದಿ ಮುಂದೆ ಏನಾದರೂ ಹೇಳಿಕೊಳ್ಳಿ, ಸುಭದ್ರಾಳಿಗೆ ಮಾತ್ರ ಜ್ವರದ್ದು, ಕನಸಿನದು ಒಂದು ಮಾತಿನಲ್ಲಿ ಹೇಳಿ ಎಂದಳು. ನಾಗಣ್ಣ ತಲೆಯಾಡಿಸಿದ.

ಅಂದೋಲಾದಲ್ಲಿ ಅವನನ್ನು ಕಂಬಳಿ ಹಾಸಿ ಕೂಡಿಸಿದರು. ಕೈಕಾಲಿಗೆ ನೀರು ಕೊಟ್ಟರು, ಶೇಂಗಾ ಉಂಡಿ ಕೊಟ್ಟರು. ಸುಭದ್ರಾಳ ತಂದೆ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದ. ಎಲ್ಲರೂ ಕೇಳುವ ಮಾತು, ಎಲ್ಲರೂ ಕೊಡುವ ಉತ್ತರ: "ಎಲ್ಲಾ ಆರಾಮ್ರಿ," ಎಂದುಬಿಟ್ಟ ನಾಗಣ್ಣ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ದಾರಿ ಉಳಿಯಲಿಲ್ಲ. ಖಣ ನೋಡಿ ಮುದುಕನ ಮೋರೆ ಬಿಗಿಯಿತು. ಮೂರು ವರ್ಷ ಈ ಕಡೆ ತಿರುಗಿ ನೋಡದವರು ಸರಿಯಾಗಿ ಪಂಚಮಿಯ ಬಾಯಿಗೆ ಬಂದು ಮಗಳನ್ನು ಕಳಿಸು ಅನ್ನುತ್ತೀರಲ್ಲ, ಹಬ್ಬ ಮುಗಿದ ಮೇಲಿನ ಸೋಮವಾರ ನನ್ನ ಕಿರಿಯ ಮಗ ಕರೆದುಕೊಂಡು ಬರುತ್ತಾನೆ, ಹಿರಿಯರನ್ನು ಕೂಡಿಸಿ ಮಾತಾಡಿ ಎಂದ. ಒಳಗೆ ಹೊಲಿಗೆ ಮಷೀನಿನ ಸಪ್ಪಳ ನಿಂತಿತ್ತು. ಸುಭದ್ರಾ ಬಾಗಿಲಿನ ಮರೆಯಲ್ಲಿ ನಿಂತು ಭಾವನಿಗೆ ಶರಣು ಎಂದಳು. ತಮ್ಮನ ಹೆಂಡತಿಗೆ, ನನ್ನ ತಮ್ಮ ನಿನ್ನ ಕೈಹಿಡಿದು ಕುಣಿಯುತ್ತಾನೆ ಎಂದು ಯಾವ ಬಾಯಲ್ಲಿ ಹೇಳುವುದು? ಅವನು ಮಳೆಯ ಮಾತಾಡಿ ಎದ್ದ.

ಮನೆಗೆ ಬಂದು ಹೇಳಿದಾಗ ಗುರುಶಾಂತಮ್ಮ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು. "ನಾವು ಆರಾಮ ಅದೀವಿ ಅಂತ ಹೇಳಾಕ ಅಷ್ಟು ದೂರ ಹೋಗಿ ಬಂದ್ರಿ?"

"ಬಾಯಿಗೆ ಬಂತು, ಅಂದೆ."

"ನಿಮ್ಮ ಬಾಯಿಗೆ ಬರಬೇಕಾದ್ದು ಬರಂಗಿಲ್ಲ, ಬರಬಾರದ್ದು ಬರ್ತದ. ನಿಮ್ಮ ತಮ್ಮಂದು ಅದೇ ಜಡ್ಡು."

ಪಂಚಮಿಯ ಮುಂದೆ ಬಳೆಗಾರ್ತಿ ಪ್ಯಾರಿಬಿ ಬಂದಳು. ಆಳಂದದವಳು, ಮಗಳನ್ನು ಜೇವರ್ಗಿಗೆ ಕೊಟ್ಟಿದ್ದಳು, ಮಗಳೂ ಬಳೆಯ ವ್ಯಾಪಾರವನ್ನೇ ಮಾಡುತ್ತಿದ್ದಳು. ನಾಳೆ ಅವಳಿಗೆ ಮಾಲು ಮುಟ್ಟಿಸಲು ಹೋಗಬೇಕು ಎಂದು ಪ್ಯಾರಿಬಿ ಬಳೆ ತೊಡಿಸುತ್ತ ಹೇಳಿದಳು. ಮಗಳು ಅಂದೋಲಾಕ್ಕೂ ಹೋಗುತ್ತಾಳೆಯೇ ಎಂದು ಗುರುಶಾಂತಮ್ಮ ಕೇಳಿದಳು. ಹೋಗದೆ ಏನು, ಅಲ್ಲಿ ಮಠದ ಓಣಿ ಪೂರ್ತಿ ಅವಳದೇ ಗಿರಾಕಿ. ಗುರುಶಾಂತಮ್ಮ ಪಡಸಾಲೆಯ ಕಡೆ ಒಮ್ಮೆ ನೋಡಿ, ಜ್ವರದ್ದನ್ನೂ ಕನಸಿನದ್ದನ್ನೂ ಹೇಳಿದಳು. ಪ್ಯಾರಿಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಅರೇ ಬೇಟಿ, ಮರದ್ ಆಗಿ ಪುಗಡೀನಾ? ನಮ್ಮ ಮಿಯಾ ಸಾಯೂತನ ನನ್ನ ಕೈ ಹಿಡದು ರೋಡು ದಾಟಲಿಲ್ಲ."

"ನಿನ್ನ ಮಗಳು ಸುಭದ್ರಾನ ಕಿವ್ಯಾಗ ಅಷ್ಟ ಹೇಳಬೇಕು ಮತ್ತ."

"ಆಕೀ ಕಿವ್ಯಾಗೇ," ಎಂದಳು ಪ್ಯಾರಿಬಿ. ಆದರೆ ಬಳೆ ತೊಡಿಸುವಾಗ ಒಂದು ಕೈ ಹಿಡಿದರೆ ಸುತ್ತ ಹತ್ತು ಕೈ ಕಾದಿರುತ್ತವೆ.

ಹಬ್ಬದ ದಿನ ಓಣಿಯಲ್ಲಿ ಜೋಕಾಲಿ ಜೀಕುವ ಸಪ್ಪಳವಿತ್ತು. ಈ ಮನೆಯಲ್ಲಿ ಹಬ್ಬದ ಜೋಳದ ಅಳ್ಳು ಹುರಿಯಲಿಲ್ಲ. ಮಲ್ಲಣ್ಣನ ಹೊಟ್ಟೆ ಉಬ್ಬಿ, ನಾಡಿ ಸೋತಿತ್ತು. ಸುಂದರಬಾಯಿ ಅವನ ಹಣೆಗೆ ವಿಭೂತಿ ಹಚ್ಚುತ್ತ ಕೂತವಳು ಎರಡು ಹೊತ್ತು ಉಣ್ಣಲಿಲ್ಲ. ಆ ಸಂಜೆ ಅವನ ತುಟಿ ಮಾತ್ರ ಆಡಿತು. ತಾಯಿ ಬಗ್ಗಿ ಕಿವಿಯಿಟ್ಟಳು. ಏನು ಕೇಳಿಸಿತೋ, ಅವನ ಬೆರಳುಗಳನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಅವನು ಕೈ ಎಳೆದುಕೊಂಡ.

ಹಬ್ಬ ಕಳೆದು ಮೂರು ದಿನಕ್ಕೆ ಬೆವರು ಒಡೆಯಿತು. ಹಾಸಿಗೆ ತೊಯ್ದುಹೋಯಿತು. ಮರುದಿನ ಸಂಜೆ ಜ್ವರ ಏರಲಿಲ್ಲ, ಅದರ ಮರುದಿನವೂ ಏರಲಿಲ್ಲ. ಡಾಕ್ಟರು ಮೆತ್ತಗೆ ಬೇಯಿಸಿದ ಅನ್ನಕ್ಕೆ ಒಪ್ಪಿಗೆ ಕೊಟ್ಟರು. ಮಲ್ಲಣ್ಣ ಎದ್ದು ಕೂತು ಮೊದಲು ಆಡಿದ ಮಾತು, ಅನ್ನಕ್ಕೆ ಉಪ್ಪಿಲ್ಲ ಎಂದು. ಸುಂದರಬಾಯಿ ಓಣಿಯ ನಾಲ್ಕು ಮನೆಗೆ ಈ ಸುದ್ದಿ ಹೇಳಿ ಬಂದಳು.

"ಈಗ ಕನಸು ಬೀಳ್ತದೋ?" ಎಂದು ಗುರುಶಾಂತಮ್ಮ ಅವನಿಗೆ ಗಂಜಿ ಕೊಡುತ್ತ ಕೇಳಿದಳು.

"ಯಾವ ಕನಸು ವೈನಿ?"

ಅವಳು ಅವನನ್ನು ದಿಟ್ಟಿಸಿದಳು. ಅವನು ಬಟ್ಟಲಿನಲ್ಲಿ ನೋಡುತ್ತಿದ್ದ. ಮರೆತಿಲ್ಲವೆಂದು ಅವಳಿಗೆ ಗೊತ್ತಾಯಿತು. ಸುಭದ್ರಾ ಸೋಮವಾರ ಬರುತ್ತಾಳೆ ಎಂದು ಹೇಳಿದಾಗ ಅವನು ಹಜಾಮನನ್ನು ಕರೆಸಿ ಗಡ್ಡ ತೆಗೆಸಿಕೊಂಡ. ಅಷ್ಟೆ. ಮೈಗೆ ಬಲ ಬಂದಂತೆ ಮಾತು ಮೊದಲಿನಷ್ಟಕ್ಕೇ ಇಳಿಯಿತು.

ಸೋಮವಾರ ಸುಭದ್ರಾ ತಮ್ಮನ ಜೊತೆ ಬಂದಳು. ಟ್ರಂಕು ತಂದಿರಲಿಲ್ಲ, ಒಂದು ಬಟ್ಟೆಯ ಚೀಲವಿತ್ತು. ಪಡಸಾಲೆಯಲ್ಲಿ ಓಣಿಯ ಇಬ್ಬರು ಹಿರಿಯರು ಕೂತಿದ್ದರು. ಗೋಡೆಗೆ ಒರಗಿ ಮಲ್ಲಣ್ಣ ಕೂತಿದ್ದ, ಅಂಗಿ ಹೆಗಲಿನಿಂದ ಜೋಲುತ್ತಿತ್ತು. ಸುಭದ್ರಾ ಅಷ್ಟು ಬಡಕಲಾದ ಗಂಡನನ್ನು ನೋಡಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತಳು. ಚಹಾ ಬಂತು. ಸುಂದರಬಾಯಿ ಮಗನ ಜಡ್ಡಿನ ವರ್ಣನೆ ಮಾಡಿದಳು; ಅದರಲ್ಲಿ ರಾತ್ರಿಯೆಲ್ಲ ಅವಳೊಬ್ಬಳೇ ಎಚ್ಚರಿದ್ದಳು. ಸುಭದ್ರಾಳ ತಮ್ಮ ನಗೆಚಾಟಿಕೆಯ ಹುಡುಗ. ಬಿಗಿದ ಮೋರೆಗಳನ್ನು ಸಡಿಲಿಸಬೇಕೆಂದು ಅವನು ಮಲ್ಲಣ್ಣನಿಗೆ ಅಂದ:

"ಏನ್ ಮಾವ, ದಿನಾ ಸಂಜಿಗೆ ನಮ್ಮ ಮಾಳಿಗಿ ಮ್ಯಾಲ ಪುಗಡಿ ಆಡಾಕತ್ತಿದ್ರಂತ. ಮಾಳಿಗಿ ಸೋರಾಕತ್ತದ ನೋಡ್ರಿ. ಬಂದು ಮಣ್ಣು ಹಾಕಿ ಕೊಡ್ರಿ."

ಹಿರಿಯರಿಬ್ಬರೂ ನಕ್ಕರು. ಒಬ್ಬರಿಗೆ ಚಹಾ ನೆತ್ತಿಗೇರಿತು. ಮಲ್ಲಣ್ಣನ ಮೋರೆ, ರಕ್ತವಿಲ್ಲದ ಮೋರೆ, ಕಿವಿಯ ತನಕ ಕೆಂಪಾಯಿತು. ಬಾಗಿಲಲ್ಲಿ ಸುಭದ್ರಾ ತಲೆಯೆತ್ತಿದಳು.

"ಜ್ವರದಾಗ ಮನಶ್ಯಾ ಏನೇನರ ಅಂತಾನ," ಎಂದಳು ಸುಂದರಬಾಯಿ. "ಹೌದಿಲ್ಲೋ ಮಲ್ಲ್ಯಾ?"

ಎಲ್ಲರೂ ಅವನ ಕಡೆ ನೋಡಿದರು.

"ಹೌದು," ಎಂದ ಮಲ್ಲಣ್ಣ. "ಜ್ವರದಾಗ ಅಂದಿರಬೇಕು."

ಗುರುಶಾಂತಮ್ಮ ಚಹಾದ ಬಸಿಗಳನ್ನು ಒಂದರ ಮೇಲೊಂದು ಸಪ್ಪಳವಾಗುವಂತೆ ಇಟ್ಟಳು.

ಮಾತುಕತೆ ಬೇಗ ಮುಗಿಯಿತು. ಹಿರಿಯರು, ಹೆಣ್ಣು ಬಂದಿದೆ, ಇರಲಿ ಎಂದರು. ನಾನು ಯಾವಾಗ ಬೇಡ ಅಂದಿದ್ದೇನೆ, ತಾನೇ ಹೋದಳು, ತಾನೇ ಇರಲಿ ಎಂದಳು ಸುಂದರಬಾಯಿ. ಸುಭದ್ರಾಳ ತಮ್ಮ ಇದನ್ನು ರಾಜಿ ಎಂದು ತಿಳಿದು, ಉಂಡು, ಆಳಂದದಲ್ಲಿ ಕೆಲಸವಿದೆ ಎಂದು ಒಂದು ಜೀಪು ಹತ್ತಿ ಹೋದ. ಹಿತ್ತಲಲ್ಲಿ ಇಬ್ಬರು ಸೊಸೆಯಂದಿರು ಪಾತ್ರೆಯ ಮುಂದೆ ಕೂತರು.

"ಖರೇನ ಅಂದಿದ್ದ ತಂಗಿ," ಎಂದಳು ಗುರುಶಾಂತಮ್ಮ. "ಒಂದ ದಿನ ಅಲ್ಲ, ದಿನಾ. ನಾನs ಕೇಳೀನಿ."

"ನೀ ಕೇಳಿದ್ರ ಏನ್ ಬಂತಕ್ಕಾ? ಅಂದೀನಿ ಅಂತ ಅವರು ಅನಬೇಕು." ಸುಭದ್ರಾ ತಾಟನ್ನು ಬೂದಿ ಹಚ್ಚಿ ಉಜ್ಜುತ್ತಿದ್ದಳು. "ಬಳಿಗಾರ್ತಿ ಹೇಳಿದ ದಿನದಿಂದ ನಾ ಮಷೀನ್ ಮುಟ್ಟಿಲ್ಲ. ಹಬ್ಬದ ಕುಬಸ ಹಂಗs ಉಳದಾವ. ಅಪ್ಪ ಸೋಮವಾರ ಅಂದ್ರ ಸೋಮವಾರ ಅಂತ ಕುಂತ. ಸತ್ತುಗಿತ್ತು ಹೋದ್ರ ಅಂತ ನಾ ಅಂಜಿ ಕುಂತಿದ್ದೆ. ಬಂದ್ರ ಇಲ್ಲಿ ಆರಾಮ ಆಗಿ, ಮೊದಲಿನಂಗs ಆಗ್ಯಾರ."

ತೊಳೆದ ಪಾತ್ರೆಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಅವಳು ಚೀಲ ತೆಗೆದುಕೊಂಡಳು. ಸುಂದರಬಾಯಿ ತೊಗರಿಬೇಳೆಯ ಮೊರ ಹಿಡಿದು ಹರಳು ಆರಿಸುತ್ತಿದ್ದಳು. "ನೋಡ್ರಿ, ಮತ್ತ ಹೊಂಟಳು," ಎಂದು ಯಾರಿಗೂ ಅಲ್ಲದೆ ಹೇಳಿದಳು. ಸುಭದ್ರಾ ನಿಲ್ಲಲಿಲ್ಲ. ಮಲ್ಲಣ್ಣ ಗೋಡೆ ಹಿಡಿದು ಎದ್ದ. ಬಸ್ಸಿನ ತನಕ ಬಿಟ್ಟು ಬರುತ್ತೇನೆ ಎಂದ. ಜ್ವರ ಬಿಟ್ಟ ಮೇಲೆ ಅವನು ಅಂಗಳ ದಾಟಿದ್ದು ಅದೇ ಮೊದಲು.

ಊರ ಹೊರಗೆ ಬೇವಿನ ಗಿಡದ ಕೆಳಗೆ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಮಲ್ಲಣ್ಣ ಗಿಡದ ಬೇರಿನ ಮೇಲೆ ಕೂತು ಉಸಿರು ತೆಗೆದುಕೊಂಡ. ಸುಭದ್ರಾ ಸ್ವಲ್ಪ ದೂರ ನಿಂತು ದಾರಿ ನೋಡುತ್ತಿದ್ದಳು.

"ಅದು ಜ್ವರದಾಗ ಅಂದದ್ದಲ್ಲ," ಎಂದ.

ಅವಳು ತಿರುಗಲಿಲ್ಲ.

"ಕನಸು ಜ್ವರದಾಗ ಬಿತ್ತು. ಖರೆ. ಆದ್ರ ಮುಂಜಾನಿ ಎಚ್ಚರಾದ ಮ್ಯಾಲೂ, ಸಂಜಿ ಯಾವಾಗ ಆದೀತು, ಜ್ವರ ಯಾವಾಗ ಏರೀತು ಅಂತ ಕಾಯ್ತಿದ್ದೆ. ಇಳಿದ ಮ್ಯಾಲೆ ಭಾಳ ಬ್ಯಾಸರಾತು."

"ಇಲ್ಲಿ ಯಾರದಾರ್ರಿ?" ಎಂದಳು ಸುಭದ್ರಾ.

"ಯಾರೂ ಇಲ್ಲ."

"ಅದಕ್ಕs ಅಂದ್ರಿ." ಈಗ ತಿರುಗಿದಳು. "ಯಾರೂ ಇಲ್ಲದಾಗ ನೀವು ಎಲ್ಲಾ ಅಂತೀರಿ. ನನಗ ಅದೇನು ಹೊಸಾದಲ್ಲ. ಆವಾಗ ಪಡಸಾಲ್ಯಾಗ ಎಲ್ಲಾರೂ ಕುಂತಿದ್ರು."

"ನಡಿ ಮನಿಗೆ. ಅಂತೇನಿ."

"ನಾ ಬರಂಗಿಲ್ಲ. ನೀವು ಹೋಗಿ ಅಂದು ಬರ್ರಿ. ಬಸ್ಸು ಬರೂತನ ಇಲ್ಲೇ ಇರ್ತೇನಿ. ಬಂದ್ರ ಹತ್ತತೇನಿ."

ಅವನು ಎದ್ದ. ದಾರಿಯಲ್ಲಿ ಎರಡು ಕಡೆ ಕೂರಬೇಕಾಯಿತು. ಕಟ್ಟೆಯ ಮೇಲಿದ್ದವರು, ಏನೋ ಮಲ್ಲಣ್ಣ, ಈಗಲೇ ಓಡಾಟವೇ ಎಂದು ಕೇಳಿದರು, ಹೂಂ ಎಂದ. ಸುಂದರಬಾಯಿ ಕೂತಲ್ಲೇ ಕೂತಿದ್ದಳು. ಗುರುಶಾಂತಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅವ್ವಾ, ಆಗ ನಾ ಸುಳ್ಳು ಹೇಳಿದೆ."

"ಏನಂತ?"

"ಜ್ವರದಾಗ ಅಂದೆ ಅಂತ. ನನಗ ಆಕಿ ಬೇಕು. ಬಾಲವಾಡಿಗೆ ಹೋಗಂತ ಆಕಿಗೆ ನಾನs ಹೇಳಿದ್ದೆ. ನೀ ಕೇಳಿದಾಗ ಎದ್ದು ಹೋದೆ. ತಪ್ಪು ಆಕೀದಲ್ಲ."

ಸುಂದರಬಾಯಿಯ ಬೆರಳು ಬೇಳೆಯಲ್ಲಿ ಆಡುತ್ತಲೇ ಇತ್ತು. ಒಂದು ಹರಳು ಸಿಕ್ಕಿತು, ಅಂಗಳಕ್ಕೆ ಎಸೆದಳು.

"ಅಂದಿ ಅಲ್ಲ? ನಾ ಕೇಳಿದೆ," ಎಂದಳು. "ನಿಂದ್ರಬ್ಯಾಡ. ಬೆವತೀದಿ, ಕುಂದರು."

"ಕರಕೊಂಡು ಬರ್ಲ್ಯಾ?"

"ಗಂಜಿ ಆರಾಕತ್ತದ. ಕುಡಿ."

ಹೌದು ಎಂದಳೋ ಇಲ್ಲ ಎಂದಳೋ ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಆ ಮೋರೆಯನ್ನು ನೋಡಿದ್ದ, ಈಗಲೂ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದ. ಅವಳು ಮೊರದ ಬೇಳೆ ಕೇರಿದಳು, ಧೂಳು ಎದ್ದಿತು. ಅಷ್ಟರಲ್ಲಿ ಗುರುಶಾಂತಮ್ಮ, "ಬಸ್ಸಿನ ಸಪ್ಪಳ ಕೇಳಾಕತ್ತದ, ನಿಂತು ಏನ್ ಮಾಡ್ತಿ," ಎಂದಳು. ಅವನು ಹೊರಗೆ ಬಿದ್ದ.

ಓಡಲು ಆಗಲಿಲ್ಲ. ಓಣಿಯ ತುದಿಗೆ ಬರುವಷ್ಟರಲ್ಲಿ ಬಸ್ಸು ಆಳಂದದ ಕಡೆ ಹೋಗುವುದು, ಅದರ ಹಿಂದಿನ ಧೂಳು ಕಂಡವು. ಬಸ್ಸಿನ ಏಣಿಯ ಮೇಲೆ, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಅವನು ಅಲ್ಲೇ ಒಂದು ಕಲ್ಲು ಹಿಡಿದು ನಿಂತ. ಧೂಳು ಇಳಿದಾಗ ಬೇವಿನ ಗಿಡದ ಕೆಳಗೆ ಸುಭದ್ರಾ ನಿಂತಿದ್ದಳು.

ಹತ್ತಿರ ಹೋದ. "ಬಸ್ಸು ಬಿಟ್ಟಿ?" ಎಂದು ಕೇಳುವಾಗ ಅವನ ದನಿಯಲ್ಲಿ ಹಿಗ್ಗಿತ್ತು.

"ನಿಲ್ಲಲಿಲ್ಲ. ತುಂಬಿತ್ತು."

ಮರುದಿನ ಮುಂಜಾನೆಯ ತನಕ ಇನ್ನೊಂದು ಬಸ್ಸಿರಲಿಲ್ಲ.

"ಅಂದ್ರಿ?"

"ಅಂದೆ."

"ಏನಂದ್ರು?"

"ಗಂಜಿ ಕುಡಿ ಅಂದ್ಲು."

ಸುಭದ್ರಾ ಚೀಲವನ್ನು ಕೈ ಬದಲಿಸಿದಳು. ಮಲ್ಲಣ್ಣ ಊರ ಕಡೆ ಹೊರಟ, ಅವಳು ಹಿಂದೆ ಬಂದಳು. ಜೊತೆಗೆ ನಡೆಯಲೆಂದು ಅವನು ನಿಧಾನ ಮಾಡಿದ. ಅವಳೂ ನಿಧಾನ ಮಾಡಿದಳು. ಕಟ್ಟೆ ಹತ್ತಿರ ಬಂದಾಗ ಅವನು ಪೂರ್ತಿ ನಿಂತ. ಜನ ನೋಡುತ್ತಿದ್ದರು. ಅವಳು ಹತ್ತಿರ ಬಂದಳು, ನಿಲ್ಲದೆ ಅವನನ್ನು ದಾಟಿ ಮುಂದೆ ಹೋದಳು.

"ನೀವು ಅಂದದ್ದು ನಾ ಕೇಳಿಲ್ಲ," ಎಂದಳು ತಿರುಗದೆ. "ನನ್ನ ಮುಂದ ಇನ್ನೊಮ್ಮೆ ಅನಬೇಕಾಗ್ತದ."

ಅವನು ಏದುಸಿರು ಬಿಡುತ್ತ ಹಿಂದೆ ಹಿಂದೆ ನಡೆದ.